ಹಳ್ಳದಲ್ಲಿ ಸಿಕ್ಕ ಕೊರಡನ್ನು ಮೀನಿನ ಟ್ಯಾಂಕಿಗೆ ಹಾಕಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಹಬ್ಬಕ್ಕೆ ಊರಿಗೆ ಹೋದಾಗ ತೋಟದ ಕೆಳಗಿನ ಹಳ್ಳದಲ್ಲಿ ಒಂದು ಒಳ್ಳೆ ಬೇರಿನ ಕೊರಡು ಸಿಕ್ಕಿತು. ನೆರೆಯಲ್ಲಿ ಮೇಲಿನಿಂದ ಬಂದು ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡಿದ್ದದ್ದು. ಸುಮಾರು ಎರಡಡಿ ಉದ್ದ, ಮೂರು ಕವಲು. ಒಂದು ಕಡೆ ನೀರು ಕೊರೆದು ಪೊಳ್ಳಾಗಿದೆ, ಸಣ್ಣ ಮೀನು ಆರಾಮಾಗಿ ಒಳಗೆ ಕೂರಬಹುದು. ಸಿಪ್ಪೆ ಪೂರ್ತಿ ಹೋಗಿದೆ. ಇಲ್ಲಿನ ಅಂಗಡಿಗಳಲ್ಲಿ ಇದರ ಅರ್ಧ ಗಾತ್ರದ ಮಲೇಷಿಯನ್ ಡ್ರಿಫ್ಟ್‌ವುಡ್‌ಗೆ ಹೇಳುವ ರೇಟು ಗೊತ್ತಲ್ಲ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲೇ ತಂದುಬಿಟ್ಟೆ.

ಟ್ಯಾಂಕು 3 ಅಡಿಯದು. ನಿಯಾನ್ ಟೆಟ್ರಾ, ಕೋರಿಡೋರಾಸ್, ಜೊತೆಗೆ ಒಂದಷ್ಟು ಚೆರ್ರಿ ಸೀಗಡಿ ಇವೆ. ನೀರು ಅಪಾರ್ಟ್‌ಮೆಂಟಿನ ಬೋರ್‌ವೆಲ್‌ನದು. ನನ್ನ ಪ್ರಶ್ನೆ ಒಂದೇ, ಎಷ್ಟು ಹೊತ್ತು ಕುದಿಸಬೇಕು? ಒಬ್ಬರು ಒಂದು ಗಂಟೆ ಸಾಕು ಅನ್ನುತ್ತಾರೆ, ಇನ್ನೊಬ್ಬರು ಎರಡು ದಿನ ಅನ್ನುತ್ತಾರೆ.

ಗಪ್ಪಿ ಗ್ಯಾಂಗ್

ಎರಡು ಗಂಟೆ ಕುದಿಸಿ ಹಾಕಿ ಗುರು. ಹಳ್ಳದಲ್ಲಿ ಅದೇ ಮರದ ಕೆಳಗೆ ಮೀನು ಬದುಕಿರಲಿಲ್ವಾ? ಅಲ್ಲಿ ಯಾರು ಕುದಿಸಿದ್ದರು?

ಹಳೇ ತೊಟ್ಟಿ, ಮೈಸೂರು

ಗಪ್ಪಿ ಗ್ಯಾಂಗ್, ಹಳ್ಳ ಹರಿಯುತ್ತಿರುತ್ತದೆ. ಮರ ಏನು ಬಿಟ್ಟರೂ ಮರುಕ್ಷಣವೇ ಕೆಳಗೆ ಹೋಯಿತು. 3 ಅಡಿ ಟ್ಯಾಂಕಿನಲ್ಲಿ ಇರುವುದು ಹೆಚ್ಚೆಂದರೆ 150 ಲೀಟರ್. ಅದೇ ನೀರು ಫಿಲ್ಟರಿನಲ್ಲಿ ಸುತ್ತಿ ಸುತ್ತಿ ಮತ್ತೆ ಮೀನಿನ ಕಿವಿರಿಗೇ ಬರುತ್ತದೆ.

ತುಂಗಾತೀರ ಅವರೇ, ಕುದಿಸುವ ಲೆಕ್ಕ ಆಮೇಲೆ ನೋಡೋಣ. ಎಲ್ಲರೂ ಕೇಳುವುದು ಅದನ್ನೇ, ಅದಕ್ಕೇ ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ಅದು ಯಾವ ಮರ ಅಂತ ಊರಿನಲ್ಲಿ ಯಾರಾದರೂ ಗುರುತಿಸಿದರಾ? ಪೂರ್ತಿ ಸತ್ತು ಒಣಗಿದ ಮರವಾ? ಹಳ್ಳದ ಮೇಲ್ಭಾಗದಲ್ಲಿ ಏನಿದೆ? ಇವು ಮೊದಲು ಗೊತ್ತಾಗಬೇಕು.

ಕುದಿಸಿದರೆ ಹುಳ, ಹುಳದ ಮೊಟ್ಟೆ, ಬೂಷ್ಟು, ಬಸವನಹುಳು ಸಾಯುತ್ತವೆ. ಒಳಗಿನ ಗಾಳಿ ಹೊರಗೆ ಹೋಗಿ ಮರ ಬೇಗ ಮುಳುಗುತ್ತದೆ. ಬಣ್ಣ ಬೇಗ ಬಿಡುತ್ತದೆ. ಅಷ್ಟೇ. ಮರದೊಳಗೆ ಸೊನೆ, ಎಣ್ಣೆ, ತೋಟದ ಔಷಧಿ, ಲೋಹ ಇದ್ದರೆ ಕುದಿಸಿ ತೆಗೆಯಬಹುದು ಅಂತ ನಂಬಿಕೊಂಡು ಕೂರಬೇಡಿ. ಒಂದಷ್ಟು ಹೋದರೂ ಉಳಿದದ್ದು ತಿಂಗಳುಗಟ್ಟಲೆ ನಿಧಾನಕ್ಕೆ ಬಿಡುತ್ತಿರುತ್ತದೆ.

ಈಗ ಮರವನ್ನೇ ಪರೀಕ್ಷೆ ಮಾಡಿ. ಹೆಬ್ಬೆರಳಿನ ಉಗುರನ್ನು ಜೋರಾಗಿ ಒತ್ತಿ. ಸಣ್ಣ ಗೆರೆ ಬಿದ್ದರೆ ಪರವಾಗಿಲ್ಲ. ಉಗುರು ಒಳಗೆ ಇಳಿದು ಪುಡಿ ಉದುರಿದರೆ ಅದು ಕೊಳೆತ ಭಾಗ, ಚಾಕುವಿನಿಂದ ಗಟ್ಟಿ ಮರ ಸಿಗುವವರೆಗೆ ಕೆತ್ತಿ ತೆಗೆಯಬೇಕು. ಆಮೇಲೆ ಒಂದು ತುದಿಯನ್ನು ಚೂರು ಕತ್ತರಿಸಿ ಮೂಸಿ. ಹಳೇ ಮರಕ್ಕೆ ಒದ್ದೆ ಮಣ್ಣಿನ ವಾಸನೆ ಇರುತ್ತದೆ. ಘಾಟು ಬಂದರೆ, ಕೈಗೆ ಅಂಟು ಹತ್ತಿದರೆ ಒಳಗೆ ಇನ್ನೂ ಸೊನೆ ಇದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡದೆ ಕೊಳೆಯುತ್ತಿದೆ, ಅದನ್ನು ಟ್ಯಾಂಕಿಗೆ ತರಲೇಬೇಡಿ.

ಜಾತಿ ವಿಷಯ. ನೀಲಗಿರಿ, ಪೈನ್ ಬೇಡ, ಎಣ್ಣೆ ಮತ್ತು ಅಂಟು ಜಾಸ್ತಿ. ಕಣಗಿಲೆ, ಕಳ್ಳಿ ಜಾತಿ ವಿಷ. ಗೇರು ಬೇಡ. ಕಾಡುಗೇರಿನ ವಿಷಯ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ, ಅದರ ಸೊನೆ ತಾಗಿದರೆ ಮನುಷ್ಯರ ಮೈಯೇ ಬೊಬ್ಬೆ ಏಳುತ್ತದೆ. ಹುಣಸೆ ಬೇರು, ಸೀಬೆ ಕೊಂಬೆ, ಹಳೇ ಕಾಫಿ ಗಿಡದ ಬೊಡ್ಡೆ ಇವೆಲ್ಲ ಗಟ್ಟಿ ಮರ, ಚೆನ್ನಾಗಿ ಒಣಗಿದ್ದರೆ ಬಳಸಬಹುದು.

ತುಂಗಾತೀರ

ಥ್ಯಾಂಕ್ಸ್ ಸರ್. ಉಗುರು ಇಳಿಯಲಿಲ್ಲ. ಒಂದು ಕವಲಿನ ತುದಿ ಮಾತ್ರ ಮೆತ್ತಗಿತ್ತು, ಅದನ್ನು ಕುಯ್ದು ತೆಗೆದೆ. ವಾಸನೆ ಮಣ್ಣಿನದೇ. ಫೋಟೋ ನೋಡಿ ನಮ್ಮ ಅಜ್ಜ ಮತ್ತಿ ಬೇರು ಇರಬೇಕು ಅಂದರು, ಆದರೆ ಖಾತ್ರಿ ಇಲ್ಲವಂತೆ. ಹಳ್ಳದ ಮೇಲ್ಭಾಗದಲ್ಲಿ ಪೂರ್ತಿ ಅಡಿಕೆ ತೋಟಗಳು, ಅಲ್ಲಲ್ಲಿ ಕಾಫಿ.

ಹಳೇ ತೊಟ್ಟಿ, ಮೈಸೂರು

ಮತ್ತಿ ಆದರೆ ಒಂದು ಮಾತು. ಮತ್ತಿ, ಹೊಳೆಮತ್ತಿ, ರಸ್ತೆ ಬದಿಯಲ್ಲಿ ಬೆಳೆಯುವ ಕಾಡುಬಾದಾಮಿ ಎಲ್ಲಾ ಒಂದೇ ಟರ್ಮಿನೇಲಿಯಾ ಬಳಗ. ಬೆಟ್ಟಾ ಮೀನಿನ ಬಾಟಲಿಗೆ ಹಾಕುವ ಒಣ ಎಲೆ ಆ ಬಾದಾಮಿಯದೇ. ನೀರಿಗೆ ಕಂದು ಬಣ್ಣ ಬಿಡುವ ಟ್ಯಾನಿನ್ ಧಾರಾಳವಾಗಿ ಇರುವ ಮರಗಳು ಇವು. ನಿಮ್ಮ ನೀರು ಫಿಲ್ಟರ್ ಕಾಫಿ ಡಿಕಾಕ್ಷನ್ ತರ ಆದರೆ ಗಾಬರಿ ಬೀಳಬೇಡಿ.

ಸೀಗಡಿ ಮನೆ

ಬಣ್ಣದ ಮಾತು ಬಿಡಿ. ಅಡಿಕೆ ತೋಟ ಅಂದಿರಲ್ಲ, ನನಗೆ ಕಿವಿ ನೆಟ್ಟಗಾಗಿದ್ದು ಅಲ್ಲಿ.

ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಬಿಡುವು ಸಿಕ್ಕಾಗ ಮತ್ತೊಂದು ಸಲ ಬೋರ್ಡೋ ಹೊಡೆಯುತ್ತಾರೆ ಅಲ್ವಾ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಡಿಕೆಗೆ ಅದು ಔಷಧಿ, ಸೀಗಡಿ ಮತ್ತು ಬಸವನಹುಳುಗಳಿಗೆ ಅದೇ ವಿಷ. ಮೀನು ಏನೂ ಆಗದವರ ತರ ಓಡಾಡಿಕೊಂಡಿರುವಷ್ಟು ಸಣ್ಣ ಪ್ರಮಾಣದಲ್ಲೂ ಸೀಗಡಿ ಸಾಯುತ್ತದೆ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಕೊಡುವ ಕೆಲವು ಔಷಧಿಗಳಲ್ಲೂ ತಾಮ್ರವೇ ಇರುವುದು. ಸೀಗಡಿ ಇರುವ ಟ್ಯಾಂಕಿಗೆ ಅದನ್ನು ಹಾಕಬಾರದು ಅನ್ನುವುದು ಇದಕ್ಕೇ.

ತಾಮ್ರ ಲೋಹ. ಎರಡು ಗಂಟೆ ಅಲ್ಲ, ಎರಡು ದಿನ ಕುದಿಸಿದರೂ ಅದು ಸಾಯುವ ವಸ್ತು ಅಲ್ಲ.

ಮೂಡಿಗೆರೆ ಬೊಡ್ಡೆ

ಮೇಡಂ, ಸ್ವಲ್ಪ ತಡೆಯಿರಿ. ನಮ್ಮದು ಕಾಫಿ ತೋಟ. ಎಲೆ ತುಕ್ಕು ರೋಗಕ್ಕೆ ಅಜ್ಜನ ಕಾಲದಿಂದಲೂ ಬೋರ್ಡೋ ಹೊಡೆಯುತ್ತಿದ್ದೇವೆ. ತೋಟದೊಳಗಿನ ಕೆರೆಯಲ್ಲಿ ಮೀನಿದೆ, ಏಡಿ ಇದೆ, ಕಲ್ಲಿನ ಕೆಳಗೆ ಸಣ್ಣ ಸೀಗಡಿಯೂ ಇದೆ. ಹೊಡೆದ ತಾಮ್ರ ಎಲ್ಲಾ ನೀರಿಗೆ ಹರಿದು ಹೋಗುವುದಿಲ್ಲ. ಮೇಲ್ಮಣ್ಣಿನ ಎಲೆಗೊಬ್ಬರದ ಪದರಕ್ಕೆ ಗಟ್ಟಿಯಾಗಿ ಅಂಟಿಕೊಂಡು ಅಲ್ಲೇ ಕೂರುತ್ತದೆ. ವರ್ಷಗಟ್ಟಲೆ ಹರಿಯುವ ಹಳ್ಳದಲ್ಲಿ ತೊಳೆದು ಬಂದ ಕೊರಡಿಗೂ ತೋಟದ ಮಧ್ಯದಿಂದ ಕಿತ್ತ ಬೊಡ್ಡೆಗೂ ವ್ಯತ್ಯಾಸ ಇದೆ. ಹೆದರಿಸಿ ಒಳ್ಳೆ ಮರ ಬಿಸಾಡಿಸಬೇಡಿ.

ಸೀಗಡಿ ಮನೆ

ನೀವು ಹೇಳಿದ್ದು ಸರಿ, ಮಣ್ಣಿಗೇ ಅಂಟಿಕೊಳ್ಳುತ್ತದೆ. ನನ್ನ ತಕರಾರೂ ಆ ಮಣ್ಣಿನ ಮೇಲೇ. ಬೇರಿನ ಸಂದಿಗಳಲ್ಲಿ, ಆ ಪೊಳ್ಳಿನೊಳಗೆ ಕೂತಿರುವುದು ಅದೇ ಮೇಲ್ಮಣ್ಣು. ತುಂಗಾತೀರ, ಹಳೇ ಟೂತ್‌ಬ್ರಷ್, ಒಂದು ಸ್ಕ್ರೂಡ್ರೈವರ್ ಹಿಡಿದು ಕೂತು ಸಂದಿ ಸಂದಿ ಕೆರೆದು ತೆಗೆಯಿರಿ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಆಮೇಲೆ ಡ್ರಮ್ಮಿನಲ್ಲಿ ನೆನೆಸಿಟ್ಟು, ಆ ನೀರಿಗೆ ತಾಮ್ರದ ಟೆಸ್ಟ್ ಕಿಟ್ ಹಾಕಿ ನೋಡಿ. ಮೀನಿನ ಸಾಮಾನಿನ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ.

ಇನ್ನೊಂದು ವಿಷಯ. ಗಡಸು ನೀರಿನಲ್ಲಿ ತಾಮ್ರದ ಕಾಟ ಕಡಿಮೆ, ಮೆದು ನೀರಿನಲ್ಲಿ ಜಾಸ್ತಿ. ಬೆಂಗಳೂರಿನ ಬೋರ್ ನೀರು ಇಲ್ಲಿ ನಿಮ್ಮ ಪರವಾಗಿಯೇ ಇದೆ.

ಸಾಗರದ ಕೊಳ

ಕಿಟ್‌ಗೆ ದುಡ್ಡು ಯಾಕೆ? ಮನೆಯಲ್ಲಿ ಆರ್‌ಒ ಇದ್ದರೆ ಟಿಡಿಎಸ್ ಮೀಟರ್ ಇದ್ದೇ ಇರುತ್ತದೆ. ಆರ್‌ಒ ನೀರಿನ ಬಕೆಟ್‌ನಲ್ಲಿ ಮರ ಮುಳುಗಿಸಿ ಮೊದಲ ದಿನ ಅಳೆಯಿರಿ, ಎರಡು ದಿನ ಬಿಟ್ಟು ಮತ್ತೆ ಅಳೆಯಿರಿ. ಏರದಿದ್ದರೆ ಮರ ಶುದ್ಧ.

ಹಳೇ ತೊಟ್ಟಿ, ಮೈಸೂರು

ಟಿಡಿಎಸ್ ಮೀಟರ್ ಒಳ್ಳೆ ಸಾಧನ, ಆದರೆ ಈ ಕೆಲಸಕ್ಕಲ್ಲ. ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅನ್ನುವುದನ್ನು ಅಂದಾಜಿಗೆ ತೋರಿಸುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಸೀಗಡಿಯನ್ನು ಕೊಲ್ಲಲು ಲೀಟರಿಗೆ ಮಿಲಿಗ್ರಾಂನ ಸಣ್ಣ ಪಾಲು ತಾಮ್ರ ಸಾಕು. ಮೀಟರಿನ ಅಂಕಿ ಒಂದೂ ಕದಲುವುದಿಲ್ಲ. ಕೀಟನಾಶಕವಂತೂ ಅದಕ್ಕೆ ಕಾಣುವುದೇ ಇಲ್ಲ. ಸಮುದ್ರದ ಮರದಲ್ಲಿ ಉಪ್ಪು ಬಿಟ್ಟಿತಾ ಇಲ್ಲವಾ ನೋಡಲು ಮಾತ್ರ ಅದಕ್ಕಿಂತ ಒಳ್ಳೆಯದು ಇಲ್ಲ.

ಮಲ್ಪೆ ಅಲೆ

ಸಮುದ್ರದ ಮರ ಅಂದಿರಲ್ಲ, ಅದನ್ನೇ ಕೇಳುವವನಿದ್ದೆ ಮಾರಾಯ್ರೆ. ನಮ್ಮಲ್ಲಿ ಮಳೆಗಾಲ ಮುಗಿಯುವಾಗ ದಡಕ್ಕೆ ಬಂದು ಬೀಳುವ ಮರಕ್ಕೆ ಲೆಕ್ಕ ಇಲ್ಲ. ಹುಳ ಕೊರೆದು ಜಾಲರಿ ತರ ಆಗಿರುತ್ತದೆ, ನೋಡಲು ಭಾರಿ ಚಂದ. ಹಾಕಬಹುದಾ?

ಹಳೇ ತೊಟ್ಟಿ, ಮೈಸೂರು

ಆ ಕೊರೆದ ಪ್ರಾಣಿ ಹುಳ ಅಲ್ಲ, ಚಿಪ್ಪಿನ ಜಾತಿ. ಮರಕ್ಕೆ ಸಿಹಿನೀರು ಬಿದ್ದರೆ ಒಳಗಿದ್ದದ್ದು ಸತ್ತು ಕೊಳೆಯುತ್ತದೆ. ಅದಕ್ಕೇ ಮೊದಲು ಚೆನ್ನಾಗಿ ಬಿಸಿಲಿಗೆ ಹಾಕಿ ಒಣಗಿಸಿ, ಆಮೇಲೆ ನೀರು ಬದಲಾಯಿಸುತ್ತಾ ನೆನೆಸಿ. ನೆನೆಸಿದ ನೀರಿನ ಟಿಡಿಎಸ್ ಏರುವುದು ನಿಲ್ಲುವವರೆಗೂ ಟ್ಯಾಂಕಿಗೆ ಬೇಡ. ದಪ್ಪ ಮರವಾದರೆ ತಿಂಗಳುಗಳೇ ಹಿಡಿಯಬಹುದು.

ಅದಕ್ಕಿಂತ ಮುಖ್ಯ, ಅದು ಮರವಾ ದೋಣಿಯಾ ಅಂತ ನೋಡಿ. ಬಂದರಿನ ಹತ್ತಿರ ಸಿಗುವುದರಲ್ಲಿ ಹಳೇ ದೋಣಿಯ ಹಲಗೆ ಚೂರುಗಳೂ ಇರುತ್ತವೆ. ಒಂದು ಮುಖ ಚಪ್ಪಟೆ ಇದ್ದರೆ, ಮೊಳೆಯ ತೂತು, ಬಣ್ಣದ ಗುರುತು, ಡಾಂಬರಿನ ವಾಸನೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ದೋಣಿಯ ತಳಕ್ಕೆ ಪಾಚಿ, ಚಿಪ್ಪು ಹತ್ತದಿರಲಿ ಅಂತ ಬಳಿಯುವ ಬಣ್ಣಗಳಲ್ಲೂ ತಾಮ್ರ ಇರುತ್ತದೆ.

ಕಾಂಡ್ಲಾ (ಮ್ಯಾಂಗ್ರೋವ್) ಬೇರು ಕಡಿದು ತರುವ ಯೋಚನೆ ಇದ್ದರೆ ಅದನ್ನೂ ಬಿಡಿ. ಕಡಲ ಕೊರೆತ ತಡೆಯುವುದು ಆ ಗಿಡಗಳೇ.

ಮಲ್ಪೆ ಅಲೆ

ಇಲ್ಲ ಇಲ್ಲ, ಕಡಿಯುವ ಮಾತೇ ಇಲ್ಲ. ದಡಕ್ಕೆ ಬಿದ್ದದ್ದು ಮಾತ್ರ.

ಕಾನೂನು ಕಣ್ಣು

ದಡಕ್ಕೆ ಬಿದ್ದದ್ದೂ ಯಾರದ್ದೂ ಅಲ್ಲ ಅಂದುಕೊಳ್ಳಬೇಡಿ. 1927ರ ಭಾರತೀಯ ಅರಣ್ಯ ಕಾಯ್ದೆಯ 45ನೇ ಕಲಂ ಇರುವುದೇ ಇದಕ್ಕೆ. ತೇಲಿ ಬಂದ, ದಡ ಸೇರಿದ, ಮುಳುಗಿದ ಮರದ ಮೇಲೆ ಬೇರೆ ಯಾರಾದರೂ ಹಕ್ಕು ಸಾಬೀತು ಮಾಡುವ ತನಕ ಅದು ಸರ್ಕಾರದ ಸ್ವತ್ತು. ನಮ್ಮ ರಾಜ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಬೇರೆ ಇದೆ. ಸ್ವಂತ ತೋಟದ ಹಳ್ಳದಲ್ಲಿ ಸಿಕ್ಕ ಎರಡಡಿ ಬೇರಿಗೆ ಯಾರೂ ಹಿಂದೆ ಬೀಳಲಿಕ್ಕಿಲ್ಲ. ಆದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿನಿಂದ ಒಣ ಕಡ್ಡಿಯನ್ನೂ ತರಬೇಡಿ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಬೀಟೆ, ಗಂಧ ಅಂತ ಅನುಮಾನ ಬಂದರೆ ತುಂಡು ಎಷ್ಟೇ ಸಣ್ಣದಿದ್ದರೂ ಮುಟ್ಟಬೇಡಿ.

ಗಪ್ಪಿ ಗ್ಯಾಂಗ್

ಒಂದು ಕಟ್ಟಿಗೆ ತುಂಡಿಗೆ ಇಷ್ಟು ದೊಡ್ಡ ಪುರಾಣ! ನಾನು ಅಂಗಡಿಯಿಂದಲೇ ತರುತ್ತೇನೆ ಬಿಡಿ.

ಹಳೇ ತೊಟ್ಟಿ, ಮೈಸೂರು

ಅಂಗಡಿಯಿಂದ ತಂದರೂ ಕೇಳಬೇಕಾದ್ದು ಅದೇ. ಮೋಪಾನಿ ಅಂತ ಕೊಡುವುದು ಆಫ್ರಿಕಾದ ಮರ. ತುಂಬಾ ಭಾರ, ಹಾಕಿದ ತಕ್ಷಣ ಮುಳುಗುತ್ತದೆ, ಬಣ್ಣ ಮಾತ್ರ ಬಿಡುತ್ತಲೇ ಇರುತ್ತದೆ. ಸ್ಪೈಡರ್ ವುಡ್ ಹಗುರ, ಕಲ್ಲು ಹೇರದಿದ್ದರೆ ತೇಲುತ್ತದೆ. ಮನೆ ಅಲಂಕಾರದ ಅಂಗಡಿಯಿಂದ ಶೋಪೀಸ್ ಬೊಡ್ಡೆ ತಂದು ಟ್ಯಾಂಕಿಗೆ ಇಳಿಸುವವರೂ ಇದ್ದಾರೆ. ಅದಕ್ಕೆ ವಾರ್ನಿಷ್ ಹೊಡೆದಿರುತ್ತಾರೆ, ಗೆದ್ದಲಿನ ಔಷಧಿಯೂ ಇರಬಹುದು. ಅದು ಹಾಲ್‌ನಲ್ಲೇ ಇರಲಿ.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂದಿ ಕೆರೆದೆ, ಪೊಳ್ಳಿನೊಳಗಿಂದ ಒಂದು ಲೋಟ ತುಂಬುವಷ್ಟು ಕಪ್ಪು ಮಣ್ಣು ಬಂತು. ಕಿಟ್ ಆರ್ಡರ್ ಮಾಡಿದ್ದೇನೆ. ಇನ್ನೊಂದು ಸಮಸ್ಯೆ, ಎರಡಡಿ ಮರ ಹಿಡಿಯುವ ಪಾತ್ರೆ ನಮ್ಮ ಮನೆಯಲ್ಲಿ ಇಲ್ಲ. ಊರಿನ ಬಚ್ಚಲ ಹಂಡೆಯಲ್ಲಿ ಕುದಿಸಿಕೊಂಡು ಬರಲಾ? ಒಲೆಗೆ ಅಡಿಕೆ ಸಿಪ್ಪೆ ಹಾಕಿದರೆ ಇಡೀ ರಾತ್ರಿ ಬಿಸಿ ಇರುತ್ತದೆ.

ಸೀಗಡಿ ಮನೆ

ಹಂಡೆ ತಾಮ್ರದ್ದಾ?

ತುಂಗಾತೀರ

ಹೌದು ಮೇಡಂ. ಓ!

ಸೀಗಡಿ ಮನೆ

ಅದೇ. ಟ್ಯಾನಿನ್ ಬಿಟ್ಟ ಹುಳಿ ನೀರನ್ನು ರಾತ್ರಿಯಿಡೀ ತಾಮ್ರದ ಹಂಡೆಯಲ್ಲಿ ಬಿಸಿ ಇಟ್ಟರೆ, ಮರದಲ್ಲಿ ಇಲ್ಲದ ತಾಮ್ರವನ್ನೂ ನಾವೇ ಕುಡಿಸಿದ ಹಾಗೆ. ಸ್ಟೀಲ್ ಪಾತ್ರೆ ಬಳಸಿ.

ಮೂಡಿಗೆರೆ ಬೊಡ್ಡೆ

ಶಾಮಿಯಾನದವರ ಹತ್ತಿರ ಮದುವೆ ಸಾರಿನ ಪಾತ್ರೆ ಬಾಡಿಗೆಗೆ ಸಿಗುತ್ತದೆ. ಒಳಗೆ ಏನು ಕುದಿಸುತ್ತೀರಿ ಅಂತ ಮಾತ್ರ ಹೇಳಬೇಡಿ. 😄

ಹಳೇ ತೊಟ್ಟಿ, ಮೈಸೂರು

ಕುದಿಸಲೇಬೇಕು ಅಂತೇನಿಲ್ಲ. ಟೆರೇಸಿನಲ್ಲಿ ನೀಲಿ ಡ್ರಮ್ಮು ಇದ್ದರೆ ಸಾಕು, ಆದರೆ ಅದರಲ್ಲಿ ಮೊದಲು ಕೆಮಿಕಲ್ ಇರಲಿಲ್ಲ ಅಂತ ಖಾತ್ರಿ ಇರಬೇಕು. ಮರ ಮುಳುಗಿಸಿ ಮೇಲೆ ಕಲ್ಲು ಹೇರಿ, ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬಿ. ಸೊಳ್ಳೆ ಮೊಟ್ಟೆ ಇಡದ ಹಾಗೆ ಬಾಯಿ ಮುಚ್ಚಿಡಿ. ಕೆಲವು ವಾರ ಹಿಡಿಯುತ್ತದೆ. ಕೊನೆಗೆ ಒಂದೆರಡು ಸಲ ಕುದಿಯುವ ನೀರನ್ನು ಎಲ್ಲಾ ಕಡೆ ಸುರಿದರೆ ಆಯಿತು. ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು, ತಿರುಗಿಸಿ ತಿರುಗಿಸಿ ಕುದಿಸಿದರೂ ನಡೆಯುತ್ತದೆ.

ಬ್ಲೀಚಿಂಗ್ ಪುಡಿ, ಸೋಪು, ಫಿನಾಯಿಲ್ ಹತ್ತಿರವೂ ತರಬೇಡಿ. ಮರ ಎಲ್ಲವನ್ನೂ ಹೀರಿಕೊಳ್ಳುತ್ತದೆ, ಹೀರಿದ್ದನ್ನು ಟ್ಯಾಂಕಿನೊಳಗೆ ನಿಧಾನಕ್ಕೆ ಬಿಡುತ್ತದೆ.

ಧಾರವಾಡ ಏಂಜೆಲ್

ಸರ, ಬಣ್ಣದ ಬಗ್ಗೆ ಸ್ವಲ್ಪ ಹೇಳಿ. ನೀರು ಕಂದು ಆದರೆ ಮೀನಿಗೆ ತ್ರಾಸ ಇಲ್ಲವೇನು? ನಮ್ಮ ಮನೆಯವರು ಗಲೀಜು ನೀರು ಅಂತ ದಿನಾ ಬೈಯುತ್ತಾರೆ.

ಹಳೇ ತೊಟ್ಟಿ, ಮೈಸೂರು

ಏಂಜೆಲ್, ಟೆಟ್ರಾ, ಬೆಟ್ಟಾ ಇವಕ್ಕೆ ಅದು ತವರಿನ ನೀರು ಇದ್ದ ಹಾಗೆ. ಕಾರ್ಡಿನಲ್ ಟೆಟ್ರಾಗಳು ಇರುವ ರಿಯೊ ನೀಗ್ರೊ ನದಿಯ ನೀರೇ ಕಪ್ಪು. ಕೊಳೆತ ಎಲೆ, ಕಟ್ಟಿಗೆಯಿಂದ ಬಂದ ಬಣ್ಣ ಅದು. ಗಲೀಜು ನೀರು ಮಬ್ಬಾಗಿರುತ್ತದೆ, ಟ್ಯಾನಿನ್ ನೀರು ಬಣ್ಣ ಇದ್ದರೂ ಆಚೆ ಗೋಡೆ ಸ್ವಚ್ಛವಾಗಿ ಕಾಣುತ್ತದೆ. ಮನೆಯವರಿಗೆ ಅದನ್ನು ತೋರಿಸಿ. ಗಿಡ ಜಾಸ್ತಿ ಇರುವ ಟ್ಯಾಂಕಿನಲ್ಲಿ ಬೆಳಕು ಕಡಿಮೆಯಾಗುತ್ತದೆ, ಅದೊಂದು ನಷ್ಟ ನಿಜ.

ಬಣ್ಣ ಬೇಡವೇ ಬೇಡ ಅಂದರೆ ಫಿಲ್ಟರಿನಲ್ಲಿ ಆಕ್ಟಿವೇಟೆಡ್ ಕಾರ್ಬನ್ ಇಡಿ, ಅದು ಕೆಲವು ವಾರಕ್ಕೆ ಮುಗಿಯುತ್ತದೆ, ಬದಲಾಯಿಸುತ್ತಿರಬೇಕು. ಪ್ಯೂರಿಜೆನ್ ಅಂತ ಫಿಲ್ಟರಿಗೆ ಹಾಕುವ ಸಣ್ಣ ಮಣಿಗಳು ಸಿಗುತ್ತವೆ, ಅದು ಬಣ್ಣವನ್ನು ಇನ್ನೂ ಚೆನ್ನಾಗಿ ಎಳೆಯುತ್ತದೆ, ರೇಟು ಜಾಸ್ತಿ. ವಾರಕ್ಕೆ ಕಾಲು ಭಾಗ ನೀರು ಬದಲಾಯಿಸುತ್ತಾ ಹೋದರೂ ಕೆಲವು ತಿಂಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಮಲಾವಿ ಸರೋವರದ ಸಿಕ್ಲಿಡ್ ಸಾಕುವವರಿಗೆ ಮಾತ್ರ ನಾನು ಮರ ಬೇಡ, ಕಲ್ಲು ಇಡಿ ಅನ್ನುತ್ತೇನೆ. ಅವಕ್ಕೆ ಗಡಸು ನೀರು, 8ರ ಆಸುಪಾಸಿನ ಪಿಎಚ್ ಬೇಕು.

ಸಾಗರದ ಕೊಳ

ಮರ ಹಾಕಿದರೆ ಪಿಎಚ್ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೆಂಗಳೂರಿನ ನಮ್ಮ ಅಣ್ಣನ ಮನೆಯಲ್ಲಿ ಇಷ್ಟು ದೊಡ್ಡ ಬೊಡ್ಡೆ ಹಾಕಿದರೂ ಮೀಟರ್ ಕದಲಲಿಲ್ಲ. ನಮ್ಮ ಮನೆಯಲ್ಲಿ ಅಂಗೈಯಗಲದ ತುಂಡಿಗೇ ಜರ್ರನೆ ಇಳಿಯಿತು. ಇದ್ಯಾಕೆ ಹೀಗೆ?

ಹಳೇ ತೊಟ್ಟಿ, ಮೈಸೂರು

ಕೆಎಚ್ ಲೆಕ್ಕ, ಅಂದರೆ ನೀರಿನಲ್ಲಿ ಕಾರ್ಬೊನೇಟ್ ಎಷ್ಟಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಬೋರ್ ನೀರಿನಲ್ಲಿ ಅದು ಜಾಸ್ತಿ. ಮರ ಬಿಡುವ ಹುಳಿಯನ್ನೆಲ್ಲ ಅದು ನುಂಗಿಹಾಕುತ್ತದೆ, ಪಿಎಚ್ ಇದ್ದಲ್ಲೇ ಇರುತ್ತದೆ. ನಿಮ್ಮದು ಮಲೆನಾಡಿನ ಬಾವಿ ನೀರು, ಕೆಂಪು ಕಲ್ಲಿನ ನೆಲ, ಮೊದಲೇ ಮೆದು. ತಡೆಯುವವರು ಯಾರೂ ಇಲ್ಲ.

ನೀವು ಹುಷಾರಾಗಿರಬೇಕು. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಫಿಲ್ಟರಿನ ಬ್ಯಾಕ್ಟೀರಿಯಾ ಕೆಲಸ ತೀರಾ ಮಂದವಾಗುತ್ತದೆ, ಅಮೋನಿಯಾ ಉಳಿಯುತ್ತದೆ. ಹುಳಿ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಂ ರೂಪದಲ್ಲಿ ಇರುತ್ತದೆ, ಮೀನಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ನೀವು ಒಂದು ದಿನ ಒಳ್ಳೆಯದು ಮಾಡಲು ಹೋಗಿ ಅರ್ಧ ಟ್ಯಾಂಕು ಗಡಸು ನೀರು ಸುರಿದರೆ ಪಿಎಚ್ ಏರುತ್ತದೆ, ಆ ಅಮೋನಿಯಂ ಮತ್ತೆ ವಿಷದ ಅಮೋನಿಯಾ ಆಗುತ್ತದೆ. ನೀರು ಬದಲಾಯಿಸಿದ ಮಾರನೇ ದಿನ ಮೀನು ಸತ್ತವು ಅನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರಬಹುದು. ಸ್ವಲ್ಪ ಸ್ವಲ್ಪವೇ ಬದಲಾಯಿಸಿ. ಫಿಲ್ಟರಿನಲ್ಲಿ ಒಂದು ಹಿಡಿ ಕಪ್ಪೆಚಿಪ್ಪಿನ ಚೂರು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಕೆಎಚ್ ನಿಧಾನವಾಗಿ ಏರುತ್ತದೆ.

ಬೆಂಗಳೂರಿನವರು ಟ್ಯಾಂಕಿಗೆ ಬರೀ ಆರ್‌ಒ ನೀರು ತುಂಬಿಸಿದರೂ ಇದೇ ಕಥೆ.

ತುಂಗಾತೀರ

ವರದಿ. ಮರ ಡ್ರಮ್ಮಿನಲ್ಲಿತ್ತು, ನೀರು ಈಗ ಟೀ ಬಣ್ಣದಿಂದ ತಿಳಿ ಹಳದಿಗೆ ಬಂದಿದೆ. ತಾಮ್ರದ ಕಿಟ್‌ನಲ್ಲಿ ಬಣ್ಣ ಬರಲಿಲ್ಲ. ಹಳೇ ನೀರಿನಲ್ಲಿ ಒಂದು ಸಲ, ಹೊಸ ನೀರಿನಲ್ಲಿ ಒಂದು ಸಲ ನೋಡಿದೆ, ಎರಡೂ ಸಲ ಸೊನ್ನೆ. ಆದರೆ ಮರ ಇನ್ನೂ ತೇಲುತ್ತಿದೆ. ಕೆಳಗೆ ಕಡಪ ಕಲ್ಲಿನ ತುಂಡು ಕಟ್ಟಬಹುದಾ? ಮನೆಯಲ್ಲಿ ಶೆಲ್ಫಿಗೆ ಹಾಕಿ ಉಳಿದದ್ದು ಇದೆ.

ಗಪ್ಪಿ ಗ್ಯಾಂಗ್

ಕಡಪ ಸೂಪರ್. ಕಪ್ಪಗೆ ಚೆನ್ನಾಗಿಯೂ ಕಾಣುತ್ತದೆ.

ಸಾಗರದ ಕೊಳ

ಕಡಪ ಸುಣ್ಣದ ಕಲ್ಲು ಅಲ್ವಾ?

ಹಳೇ ತೊಟ್ಟಿ, ಮೈಸೂರು

ಹೌದು, ಸುಣ್ಣಕಲ್ಲೇ. ಹುಳಿ ನೀರಿನಲ್ಲಿ ನಿಧಾನಕ್ಕೆ ಕರಗಿ ಗಡಸುತನ ಏರಿಸುತ್ತದೆ. ತುಂಗಾತೀರ ಅವರ ನೀರು ಮೊದಲೇ ಗಡಸು, ಇನ್ನಷ್ಟು ಯಾಕೆ? ಅನುಮಾನ ಇದ್ದರೆ ಕಲ್ಲಿನ ಒಡೆದ ಅಂಚಿನ ಮೇಲೆ ಎರಡು ಹನಿ ವಿನೆಗರ್ ಬಿಡಿ, ಸಣ್ಣ ಗುಳ್ಳೆ ಏಳುತ್ತವೆ. ಪಾಲಿಶ್ ಮುಖದ ಮೇಲೆ ಅಷ್ಟು ಕಾಣುವುದಿಲ್ಲ.

ಗ್ರಾನೈಟ್ ತುಂಡು ತನ್ನಿ. ಅಡುಗೆಮನೆ ಕಟ್ಟೆಗೆ ಸಿಂಕಿನ ಜಾಗ ಕೊರೆದಾಗ ಉಳಿಯುವ ತುಂಡು ಕಲ್ಲಿನ ಅಂಗಡಿಗಳ ಹಿಂದೆ ರಾಶಿ ಬಿದ್ದಿರುತ್ತದೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಅದು ನೀರಿಗೆ ಏನೂ ಬಿಡುವುದಿಲ್ಲ. ಅವರ ಹತ್ತಿರವೇ ಡ್ರಿಲ್ ಇರುತ್ತದೆ, ಎರಡು ತೂತು ಹಾಕಿಸಿಕೊಳ್ಳಿ. ಕೆಳಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಿಗಿಯಿರಿ. ಸಾದಾ ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ, ಹಿತ್ತಾಳೆಯದು ಮತ್ತೆ ತಾಮ್ರವೇ. ಸ್ಕ್ರೂ ತಲೆ ಗಾಜಿಗೆ ತಾಗದ ಹಾಗೆ ಕಲ್ಲಿನೊಳಗೆ ಇಳಿದಿರಬೇಕು. ಕಲ್ಲನ್ನು ಗಾಜಿನ ಮೇಲೆ ಇಟ್ಟು ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಇಟ್ಟರೆ ಕೋರಿಡೋರಾಸ್ ಅಗೆದು ಅಗೆದು ಒಂದು ದಿನ ಮರ ವಾಲಿ ಗಾಜಿಗೆ ಬಡಿಯುತ್ತದೆ.

ತುಂಗಾತೀರ

ಗ್ರಾನೈಟ್ ಸಿಕ್ಕಿತು, ಬಿಗಿದು ಇಳಿಸಿದ್ದಾಯಿತು. ಸೀಗಡಿಗಳನ್ನು ಸದ್ಯಕ್ಕೆ ಸಣ್ಣ ಟ್ಯಾಂಕಿಗೆ ಹಾಕಿದ್ದೇನೆ. ಟೆಟ್ರಾಗಳು ಕವಲಿನ ಕೆಳಗೇ ಗುಂಪು ಕಟ್ಟಿಕೊಂಡು ಇರುತ್ತವೆ, ಬಣ್ಣವೂ ಎದ್ದು ಕಾಣುತ್ತಿದೆ. ಆದರೆ ಮರದ ಮೇಲೆಲ್ಲಾ ಬಿಳಿ ಲೋಳೆ ಬಂದಿದೆ, ಹತ್ತಿ ಸುತ್ತಿದ ಹಾಗೆ. ಕುಯ್ದ ತುದಿಯಲ್ಲಿ ಜಾಸ್ತಿ. ತೆಗೆದುಬಿಡಲಾ?

ಸೀಗಡಿ ಮನೆ

ಬೇಡ ಬೇಡ. ಹೊಸ ಮರಕ್ಕೆ ಅದು ಬಂದೇ ಬರುತ್ತದೆ. ಮರದಿಂದ ಬಿಡುವ ಸಕ್ಕರೆ ಅಂಶ ತಿಂದು ಬೆಳೆಯುವ ಬೂಷ್ಟು, ಬ್ಯಾಕ್ಟೀರಿಯಾಗಳ ಪೊರೆ. ಮೀನಿಗೆ ಏನೂ ಮಾಡುವುದಿಲ್ಲ. ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ನೋಡಲು ಆಗದಿದ್ದರೆ ನೀರು ಬದಲಾಯಿಸುವಾಗ ಟೂತ್‌ಬ್ರಷ್‌ನಲ್ಲಿ ಉಜ್ಜಿ ಪೈಪಿನಿಂದ ಎಳೆದುಬಿಡಿ.

ತಮಾಷೆ ಅಂದರೆ ಅದನ್ನು ಅತಿ ಪ್ರೀತಿಯಿಂದ ತಿನ್ನುವುದು ಸೀಗಡಿಗಳೇ. ತಾಮ್ರ ಎರಡು ಸಲವೂ ಸೊನ್ನೆ ಬಂದಿದೆ, ಟ್ಯಾಂಕಿನ ನೀರಿನಲ್ಲೂ ಒಂದು ಸಲ ನೋಡಿಬಿಡಿ. ಅದೂ ಸೊನ್ನೆ ಬಂದರೆ ಮೊದಲು ಒಂದೆರಡು ಬಸವನಹುಳು ಬಿಟ್ಟು ಗಮನಿಸಿ. ಅವು ಚಿಪ್ಪಿನೊಳಗೆ ಮುದುಡಿಕೊಳ್ಳದೆ ಗಾಜಿನ ಮೇಲೆ ಓಡಾಡಿಕೊಂಡಿದ್ದರೆ ಸೀಗಡಿ ವಾಪಸ್ ಬಿಡಿ.

ಮೂಡಿಗೆರೆ ಬೊಡ್ಡೆ

ನಾನು ಮೊದಲೇ ಹೇಳಿದೆನಲ್ಲ, ಹಳ್ಳದ ಮರಕ್ಕೆ ಏನೂ ಆಗಿರುವುದಿಲ್ಲ ಅಂತ.

ಸೀಗಡಿ ಮನೆ

ಈ ಮರಕ್ಕೆ ಆಗಿರಲಿಲ್ಲ. ಅದೂ ಒಂದು ಲೋಟ ಮಣ್ಣು ತೆಗೆದ ಮೇಲೆ. ನಿಮ್ಮ ತೋಟದ ಬೊಡ್ಡೆ ಯಾರಿಗಾದರೂ ಕೊಡುವಾಗ ಬೋರ್ಡೋ ವಿಷಯ ಒಂದು ಮಾತು ಹೇಳಿ ಕೊಡಿ ಸರ್.

ಮೂಡಿಗೆರೆ ಬೊಡ್ಡೆ

ಅದು ಒಪ್ಪಿದೆ.

ಧಾರವಾಡ ಏಂಜೆಲ್

ಮರಕ್ಕೆ ಗಿಡ ಕಟ್ಟುವುದು ಹೇಗೆ?

ತುಂಗಾತೀರ

ನಾನು ಅನುಬಿಯಾಸ್ ಮತ್ತು ಜಾವಾ ಫರ್ನ್ ಕಟ್ಟಿದ್ದೇನೆ. ಹತ್ತಿ ದಾರದಲ್ಲಿ ಸುತ್ತಿದೆ, ಬೇರು ಹಿಡಿಯುವಷ್ಟರಲ್ಲಿ ದಾರ ಕರಗುತ್ತದಂತೆ. ಪಾಚಿಯನ್ನು ಫೆವಿಕ್ವಿಕ್ ಜೆಲ್‌ನಲ್ಲಿ ಅಂಟಿಸಿದೆ. ಅನುಬಿಯಾಸ್, ಫರ್ನ್‌ಗಳ ಗಡ್ಡೆಯ ಹಾಗಿರುವ ಅಡ್ಡ ಕಾಂಡವನ್ನು ಮಾತ್ರ ಮರಳಿನಲ್ಲಿ ಹೂಳಬಾರದು, ಕೊಳೆಯುತ್ತದೆ.

ಗಪ್ಪಿ ಗ್ಯಾಂಗ್

ಸರಿ, ಈಗ ನಂದೂ ಒಂದು ಪ್ರಶ್ನೆ, ನಗಬೇಡಿ. ಮನೆ ಹಿಂದೆ ಒಂದು ಸೀಬೆ ಮರ ಹೋದ ವರ್ಷ ಒಣಗಿಹೋಯಿತು. ಕೊಂಬೆ ಒಳ್ಳೆ ಅಂಕುಡೊಂಕಾಗಿದೆ. ಕಡಿದು ಹಾಕಬಹುದಾ? ಮತ್ತೆ ಒಂದು ಸಕ್ಕರ್ ಮೀನು ತರೋಣ ಅಂತಲೂ ಇದ್ದೇನೆ, ಮರ ಕೆರೆದು ತಿನ್ನುತ್ತದಂತೆ.

ಹಳೇ ತೊಟ್ಟಿ, ಮೈಸೂರು

ಸೀಬೆ ಒಳ್ಳೆ ಆಯ್ಕೆ. ಸಿಪ್ಪೆ ಪೂರ್ತಿ ತೆಗೆಯಿರಿ, ಒಣಗಿದ ಮರದಲ್ಲಿ ಸುಲಭವಾಗಿ ಏಳುತ್ತದೆ. ಕತ್ತರಿಸಿದ ಜಾಗ ಒಳಗೆ ಹಸಿರಾಗಿದ್ದರೆ ಇನ್ನೂ ಕೆಲವು ತಿಂಗಳು ಬಿಸಿಲಿನಲ್ಲಿ ಬಿಡಿ. ಆಮೇಲೆ ಮೇಲೆ ಹೇಳಿದ ಡ್ರಮ್ಮಿನ ಕೆಲಸವೇ.

ಅಂಗಡಿಯ ಸಾದಾ ಸಕ್ಕರ್ ಬೇಡ, ಅದು ಒಂದಡಿ ಮೀರಿ ಬೆಳೆಯುತ್ತದೆ, ಕೊನೆಗೆ ಜನ ಕೆರೆಗೆ ಬಿಡುತ್ತಾರೆ. ಬ್ರಿಸಲ್‌ನೋಸ್ ತನ್ನಿ, ಅಂಗೈಯಷ್ಟರಲ್ಲೇ ನಿಲ್ಲುತ್ತದೆ, ಮರವನ್ನೂ ಕೆರೆಯುತ್ತದೆ.

ಆ ಸೀಬೆ ಮರ ಒಣಗಿದ್ದು ಯಾಕೆ? ಬುಡಕ್ಕೆ ಗೆದ್ದಲಿನ ಔಷಧಿ ಏನಾದರೂ ಹಾಕಿದ್ದಿರಾ?

ಗಪ್ಪಿ ಗ್ಯಾಂಗ್

ನಮ್ಮಪ್ಪ ಏನೋ ಸುರಿದಿದ್ದರು. ಕೇಳಿ ಹೇಳುತ್ತೇನೆ.

ಹಳೇ ತೊಟ್ಟಿ, ಮೈಸೂರು

ಗೆದ್ದಲಿನದೇ ಆದರೆ ಒಲೆಗೂ ಹಾಕಬೇಡಿ, ಟ್ಯಾಂಕಿಗೂ ಹಾಕಬೇಡಿ. ಪಕ್ಕದ ಮನೆಯಲ್ಲಿ ಸೀಬೆ ಮರ ಇದ್ದರೆ ಅವರನ್ನು ಕೇಳಿ ನೋಡಿ.